ಗಾಯಗೊಂಡವರ ಮರುಪ್ರವೇಶ: ಕನ್ನಡಿಗರ ಕ್ರಿಕೆಟ್ ಚರಿತ್ರೆಯ ಕೆಲವು ಪುಟಗಳು

ಆಟದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಆಡಿದವರ ಚರಿತ್ರೆಯಾಗಿ ಓದುತ್ತೇವೆ. ಗಾಯಗೊಂಡು ಅಂಗಳದ ಹೊರಗೆ ಕುಳಿತವರು ಎಷ್ಟು ದಿನ ಕಾದರು, ಯಾರ ಮಾತಿನ ಮೇಲೆ ಮರಳಿ ಬಂದರು ಎಂಬ ವಿವರಗಳಿಗೆ ಅದರಲ್ಲಿ ಸ್ಥಾನ ಕಡಿಮೆ. ಆದರೆ ತಂಡವನ್ನು ಆರಿಸುವವರಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ. ಆಟಗಾರನ ಹಂಬಲ ಒಂದು ಕಡೆಗೆ ಎಳೆಯುತ್ತದೆ, ತಂಡದ ಅಗತ್ಯ ಇನ್ನೊಂದು ಕಡೆಗೆ, ವೈದ್ಯರ ಎಚ್ಚರಿಕೆ ಮತ್ತೊಂದು ಕಡೆಗೆ. ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನಮ್ಮ ಕನ್ನಡ ನಾಡಿನ ಕ್ರಿಕೆಟ್ಟಿಗರ ಬದುಕಿನಲ್ಲಿಯೇ ಪರಿಶೀಲಿಸಬಹುದು.

ಮೊದಲನೆಯವರು ಮೈಸೂರಿನಲ್ಲಿ 1945ರಲ್ಲಿ ಜನಿಸಿದ ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ಬಾಲ್ಯದಲ್ಲಿಯೇ ಪೋಲಿಯೋ ತಗುಲಿ ಅವರ ಬಲಗೈ ಸೊರಗಿತ್ತು. ಆ ಕೈಯಿಂದಲೇ ಅವರು ವೇಗದ ಲೆಗ್ ಸ್ಪಿನ್ನನ್ನು ಸಾಧಿಸಿ 1964ರಲ್ಲಿ ಟೆಸ್ಟ್ ತಂಡವನ್ನು ಸೇರಿದರು. 1967-68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯಗೊಂಡ ಮೇಲೆ ಸುಮಾರು ಮೂರೂವರೆ ವರ್ಷ ಅವರಿಗೆ ಟೆಸ್ಟ್ ತಂಡದ ಬಾಗಿಲು ತೆರೆಯಲಿಲ್ಲ. ಇದರ ನಡುವೆ ಸ್ಕೂಟರ್ ಅಪಘಾತವೂ ಅವರನ್ನು ಕಾಡಿತು. 1971ರಲ್ಲಿ ವಿಜಯ್ ಮರ್ಚೆಂಟ್ ಅಧ್ಯಕ್ಷತೆಯ ಆಯ್ಕೆ ಸಮಿತಿಯು ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಮತ್ತೆ ಆರಿಸಿತು. ಆಗಸ್ಟ್ ತಿಂಗಳಲ್ಲಿ ಓವಲ್ ಮೈದಾನದಲ್ಲಿ ಅವರು 38 ರನ್ನುಗಳಿಗೆ 6 ವಿಕೆಟ್ ಪಡೆದರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಭಾರತವು ಆ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಗೆದ್ದು ಸರಣಿಯನ್ನೂ ತನ್ನದಾಗಿಸಿಕೊಂಡಿತು. ದೂರವಾದವರನ್ನು ಮರೆಯದಿರುವುದೂ ಆಯ್ಕೆದಾರರ ಧರ್ಮವೆಂಬುದಕ್ಕೆ ಇದೊಂದು ನಿದರ್ಶನ.

ಇದೇ ಮೈಸೂರಿನ ಜಾವಗಲ್ ಶ್ರೀನಾಥರದು ಇನ್ನೊಂದು ಬಗೆಯ ಪಾಠ. 1997ರಲ್ಲಿ ಭುಜದ ಗಾಯದಿಂದಾಗಿ ಅವರು ವೆಸ್ಟ್ ಇಂಡೀಸ್ ಸರಣಿಯನ್ನು ತಪ್ಪಿಸಿಕೊಂಡರು. ಆ ಸರಣಿಯ ಬಾರ್ಬಡೋಸ್ ಟೆಸ್ಟಿನಲ್ಲಿ 120 ರನ್ನುಗಳ ಗುರಿಯನ್ನು ಬೆನ್ನಟ್ಟಿದ ಭಾರತ 81ಕ್ಕೆ ಉರುಳಿತು. ಪ್ರಮುಖ ವೇಗಿಯ ಅಗತ್ಯ ಎಷ್ಟೇ ಇದ್ದರೂ ಭುಜವು ವೇಳಾಪಟ್ಟಿಯನ್ನು ನೋಡಿ ವಾಸಿಯಾಗುವುದಿಲ್ಲ. ಶಸ್ತ್ರಚಿಕಿತ್ಸೆ ಮುಗಿದು ಅವರು ಮರಳಿದ್ದು ಆ ವರ್ಷದ ಕೊನೆಯ ಭಾಗದಲ್ಲಿ. ಆ ಕಾಯುವಿಕೆಯ ಫಲ 1999ರ ಫೆಬ್ರವರಿಯಲ್ಲಿ ಕಾಣಿಸಿತು. ಕೋಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟಿನಲ್ಲಿ ಶ್ರೀನಾಥ್ 13 ವಿಕೆಟ್ ಕಿತ್ತರು.

ಅನಿಲ್ ಕುಂಬ್ಳೆ ಬೆಂಗಳೂರಿನವರಾದರೂ ಅವರ ಹೆಸರಿನಲ್ಲಿರುವ ಊರು ಕಾಸರಗೋಡು ಜಿಲ್ಲೆಯ ಕುಂಬಳೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಅಕ್ಕಲಕೋಟೆ, ಸೊಲ್ಲಾಪುರಗಳಂತೆಯೇ ಕರ್ನಾಟಕದ ಗಡಿಯಾಚೆ ಉಳಿದ ಕನ್ನಡದ ನೆಲವದು. ಭುಜದ ಶಸ್ತ್ರಚಿಕಿತ್ಸೆಯ ಕಾರಣ ಅವರು 2001ರ ಆರಂಭದ ಆಸ್ಟ್ರೇಲಿಯಾ ವಿರುದ್ಧದ ಸರಣಿಯಲ್ಲಿ ಆಡಲಿಲ್ಲ. ಅವರಿಲ್ಲದ ತಂಡದಲ್ಲಿ ಹರಭಜನ್ ಸಿಂಗ್ ಮೂರು ಟೆಸ್ಟುಗಳಲ್ಲಿ 32 ವಿಕೆಟ್ ಪಡೆದರು. ಭಾರತ 2-1ರಿಂದ ಸರಣಿ ಗೆದ್ದಿತು. ಒಬ್ಬರ ವಿಶ್ರಾಂತಿ ಇನ್ನೊಬ್ಬರ ಉದಯಕ್ಕೆ ದಾರಿಯಾಯಿತು. ಆದರೂ ಕುಂಬ್ಳೆಯವರ ಸ್ಥಾನ ಕಳೆದುಹೋಗಲಿಲ್ಲ. ಅವರು ಅದೇ ವರ್ಷದ ಕೊನೆಗೆ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಮರಳಿದರು, ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ 300ನೆಯ ವಿಕೆಟ್ ಪಡೆದರು. ಅವರ ಒಟ್ಟು 619 ಟೆಸ್ಟ್ ವಿಕೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಈ ಶಸ್ತ್ರಚಿಕಿತ್ಸೆಯ ನಂತರವೇ.

ಆದರೆ ಕುಂಬ್ಳೆ ಎಂದೊಡನೆ ಜನರ ನೆನಪಿಗೆ ಬರುವುದು ಈ ತಾಳ್ಮೆಯಲ್ಲ, 2002ರ ಮೇ ತಿಂಗಳ ಆಂಟಿಗಾ ಟೆಸ್ಟ್. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಅವರ ದವಡೆ ಮುರಿಯಿತು. ಆದರೂ ಮುಖಕ್ಕೆ ಪಟ್ಟಿ ಬಿಗಿದುಕೊಂಡು ಅಂಗಳಕ್ಕಿಳಿದು 14 ಓವರ್ ಎಸೆದರು. ಬ್ರಯನ್ ಲಾರಾ ಅವರ ವಿಕೆಟ್ಟನ್ನೂ ಪಡೆದರು. ಆ ಚಿತ್ರ ನಮ್ಮ ಕ್ರೀಡಾಸ್ಮೃತಿಯಲ್ಲಿ ಅಳಿಯದೆ ನಿಂತಿದೆ, ನಿಲ್ಲಲೇಬೇಕು. ಆದರೆ ಕಥೆಯ ಉತ್ತರಾರ್ಧವನ್ನು ಹೇಳುವವರು ಕಡಿಮೆ. ಆ ಹದಿನಾಲ್ಕು ಓವರ್‌ಗಳಾದ ಬಳಿಕ ಅವರು ಶಸ್ತ್ರಚಿಕಿತ್ಸೆಗಾಗಿ ಸ್ವದೇಶಕ್ಕೆ ಮರಳಿದರು. ದವಡೆ ಕೂಡಿಕೊಳ್ಳುವವರೆಗೆ ಕಾದು, ಜುಲೈ ಕೊನೆಯಲ್ಲಿ ಲಾರ್ಡ್ಸ್ ಟೆಸ್ಟಿಗೆ ಇಳಿದರು. ಆಗಸ್ಟ್ ತಿಂಗಳಲ್ಲಿ ಹೆಡಿಂಗ್ಲಿಯಲ್ಲಿ 7 ವಿಕೆಟ್ ಪಡೆದು ಭಾರತದ ಗೆಲುವಿಗೆ ನೆರವಾದರು. ಆಂಟಿಗಾ ಟೆಸ್ಟ್ ಡ್ರಾ ಆಯಿತು. ಗೆಲುವು ಬಂದದ್ದು ಕಾದು ಮರಳಿದ ಮೇಲೆ.

ಇಂದು ಜಗತ್ತಿನ ಅನೇಕ ಆಟಗಳಲ್ಲಿ ಈ ನಿರ್ಧಾರವನ್ನು ಆಟಗಾರನ ಧೈರ್ಯಕ್ಕೆ ಬಿಡುವುದಿಲ್ಲ. ಅಂಡಾಕಾರದ ಮೈದಾನದಲ್ಲಿ ತಂಡಕ್ಕೆ ಹದಿನೆಂಟು ಮಂದಿ ಸೇರಿ, ಮೈಗೆ ಮೈ ತಾಗಿಸಿ ಆಡುವ ಆಸ್ಟ್ರೇಲಿಯಾದ ಫುಟ್‌ಬಾಲಿನ ಉನ್ನತ ಲೀಗಿನಲ್ಲಿ, ತಲೆಗೆ ಪೆಟ್ಟು ಬಿದ್ದು ಮೆದುಳು ಅಲುಗಿದವರು ಕನಿಷ್ಠ 12 ದಿನ ಪಂದ್ಯವಾಡಬಾರದೆಂದು 2021ರಲ್ಲಿ ನಿಯಮವಾಯಿತು. ಆಟಗಾರನು ತಾನು ಸಿದ್ಧನೆಂದು ಎಷ್ಟೇ ಹೇಳಿದರೂ ಆಯ್ಕೆದಾರರು ಅದನ್ನು ಮೀರುವಂತಿಲ್ಲ. ಕ್ರಿಕೆಟ್ಟಿನಲ್ಲಿಯೂ ಅಂತಹ ಪೆಟ್ಟು ತಿಂದವರಿಗೆ ಬದಲಿ ಆಟಗಾರರನ್ನು ಇಳಿಸುವ ಅವಕಾಶ 2019ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳಿಗೆ ಬಂದಿತು.

ನಮ್ಮ ದೇಶದಲ್ಲಿ ಈ ವಿವೇಚನೆಗೆ ಒಂದು ನೆಲೆ ದೊರೆತದ್ದು ಬೆಂಗಳೂರಿನಲ್ಲಿ, 2000ದಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. 2019ರಿಂದ 2021ರವರೆಗೆ ಅದರ ಮುಖ್ಯಸ್ಥರಾಗಿದ್ದವರು ರಾಹುಲ್ ದ್ರಾವಿಡ್. ಗಾಯಗೊಂಡ ಆಟಗಾರರು ಚೇತರಿಸಿಕೊಳ್ಳಲು ಬರುವುದು ಇಲ್ಲಿಗೇ. ಆದರೂ ಲೆಕ್ಕ ತಪ್ಪುವುದುಂಟು. 2022ರ ಸೆಪ್ಟೆಂಬರಿನಲ್ಲಿ ಬೆನ್ನುನೋವಿನಿಂದ ಮರಳಿದ ಜಸ್‌ಪ್ರೀತ್ ಬೂಮ್ರಾ ಎರಡೇ ಪಂದ್ಯಗಳನ್ನಾಡಿ ಮತ್ತೆ ಹೊರಬಿದ್ದರು. ಟಿ20 ವಿಶ್ವಕಪ್ ತಪ್ಪಿತು, ಶಸ್ತ್ರಚಿಕಿತ್ಸೆ ಬೇಕಾಯಿತು, ಮುಂದಿನ ಆಗಸ್ಟಿನವರೆಗೆ ಅವರು ಕಾಯಬೇಕಾಯಿತು.

ಇದಕ್ಕೆ ಪ್ರತಿಯಾಗಿ ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲ್ ಅವರ ಉದಾಹರಣೆಯಿದೆ. 2023ರ ಮೇ 1ರಂದು ತೊಡೆಯ ಸ್ನಾಯುಬಂಧಕ್ಕೆ ಗಾಯವಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಆಗಸ್ಟಿನಲ್ಲಿ ಏಷ್ಯಾ ಕಪ್ ತಂಡಕ್ಕೆ ಆರಿಸುವಾಗ ಅವರಿಗೆ ಸಣ್ಣ ನೋವೊಂದು ಉಳಿದಿತ್ತು. ಆಯ್ಕೆದಾರರು ಅದನ್ನು ಮರೆಮಾಚಲಿಲ್ಲ. ಸಂಜು ಸ್ಯಾಮ್ಸನ್ ಅವರನ್ನು ಮೀಸಲು ಆಟಗಾರರಾಗಿ ಜೊತೆಗಿಟ್ಟರು, ಮೊದಲ ಎರಡು ಪಂದ್ಯಗಳಿಂದ ರಾಹುಲ್ ಅವರನ್ನು ದೂರವಿಟ್ಟರು. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಆರಂಭವಾಗಿ ಮಳೆಯಿಂದ ಮರುದಿನಕ್ಕೆ ಮುಂದುವರಿದ ಪಂದ್ಯದಲ್ಲಿ ಅವರು ಅಜೇಯ 111 ರನ್ ಗಳಿಸಿದರು, ವಿಕೆಟ್ ಕೀಪಿಂಗನ್ನೂ ನಿರ್ವಹಿಸಿದರು. ಮುಂದಿನ ತಿಂಗಳು ಚೆನ್ನೈಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ಅವರ ಅಜೇಯ 97 ರನ್ನುಗಳು ತಂಡವನ್ನು ದಡ ಸೇರಿಸಿದವು.

ಈ ಚರಿತ್ರೆ ಗಡಿನಾಡಿನ ನಮಗೇಕೆ ಎಂದು ಕೇಳಬಹುದು. ಜಾತ್ರೆಯ ಕುಸ್ತಿಯಲ್ಲಿ, ಊರ ಕಬಡ್ಡಿಯಲ್ಲಿ ಮೊಣಕಾಲು ಉಳುಕಿದ ಹುಡುಗ ಮರುದಿನವೇ ಪಟ್ಟಿ ಕಟ್ಟಿಕೊಂಡು ಇಳಿದರೆ ಹಲಗೆ ಜೋರಾಗುತ್ತದೆ, ಊರಿನ ಮಾನ ಉಳಿಯಿತೆಂದು ಹಿರಿಯರು ಬೆನ್ನು ತಟ್ಟುತ್ತಾರೆ. ಆ ಹುಡುಗನ ಹಿಂದೆ ಅಕಾಡೆಮಿಯಿಲ್ಲ, ಫಿಸಿಯೋ ಇಲ್ಲ. ನಾಳೆ ಅದೇ ಕಾಲಿನಿಂದ ಅವನು ಹೊಲದಲ್ಲಿ ದುಡಿಯಬೇಕು, ಸೊಲ್ಲಾಪುರಕ್ಕೋ ಪುಣೆಗೋ ಹೋಗಿ ದಿನವಿಡೀ ನಿಂತು ಕೆಲಸ ಮಾಡಬೇಕು. ಅವನನ್ನು ತಡೆಯುವ ಅಧಿಕಾರ ಉಸ್ತಾದನಿಗೆ, ತಂಡದ ಹಿರಿಯನಿಗೆ, ಮನೆಯ ತಂದೆ-ತಾಯಿಗೆ ಮಾತ್ರ ಇದೆ. ಮೊದಲು ನೋವಿಲ್ಲದೆ ನಡೆಯಲಿ, ಆಮೇಲೆ ಓಡಲಿ, ಆಮೇಲೆ ಜೊತೆಗಾರರೊಡನೆ ಅಭ್ಯಾಸ ಮಾಡಲಿ, ಕೊನೆಗೆ ಕಣಕ್ಕಿಳಿಯಲಿ. ಈ ಕ್ರಮಕ್ಕೆ ದೊಡ್ಡ ವೆಚ್ಚವಿಲ್ಲ. ಬೇಕಾದದ್ದು 'ಈ ಸಲ ಬೇಡ' ಎನ್ನುವ ಒಬ್ಬ ಹಿರಿಯ.

ಮುರಿದ ದವಡೆಯ ಕುಂಬ್ಳೆಯವರನ್ನು ನಮ್ಮ ಮಕ್ಕಳಿಗೆ ಹೇಳೋಣ. ಆ ಸಾಹಸದೊಡನೆ, ಜುಲೈವರೆಗೆ ಕಾದ ಕುಂಬ್ಳೆಯವರನ್ನೂ ತಪ್ಪದೆ ಹೇಳೋಣ.