ತೀರಿಸಲಾಗದವರ ಪಂಕ್ತಿ

ದಲಿತರು ಕ್ರೈಸ್ತರಾದ ಚರಿತ್ರೆಯನ್ನು ಮೇಲ್ಜಾತಿಯ ನಾಲಗೆ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ: ಗಂಜಿಗೆ ಮತ ಮಾರಿಕೊಂಡರು. ಈ ಮಾತನ್ನು ನಾನು ಆಂಧ್ರದ ಒಂಗೋಲಿನ ಮಾದಿಗರ ಚರಿತ್ರೆಯ ಎದುರಿಗಿಟ್ಟು ನೋಡಬಯಸುತ್ತೇನೆ.

ಔತಣಕ್ಕೆ ಕರೆದಾತನಿಗೆ ಯೇಸು ಹೇಳಿದ ಬುದ್ಧಿಮಾತೊಂದು ಲೂಕನ ಸುವಾರ್ತೆಯಲ್ಲಿದೆ. ಉಳ್ಳವರನ್ನು ಕರೆದರೆ ಅವರೂ ತಿರುಗಿ ಕರೆದು ಲೆಕ್ಕ ಚುಕ್ತಾ ಮಾಡುತ್ತಾರೆ. ತೀರಿಸಲಾಗದ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಬೇಕು ಎಂಬುದು ಅದರ ಸಾರ. ಉಂಡವರು ಆಮೇಲೆ ಮತ ಬದಲಿಸಿದರೆ ಅದೂ ಒಂದು ಬಗೆಯ ತೀರಿಸುವಿಕೆಯೇ ತಾನೆ?

ಮೈಸೂರು ಸೀಮೆಯವರು ಧಾತು ಈಶ್ವರ ಬರ ಅನ್ನುವ 1876–78ರ ಕ್ಷಾಮ ಒಂಗೋಲನ್ನೂ ಸುಟ್ಟಿತು. ಅಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ತುಂಡಿನ ಗುತ್ತಿಗೆ ಹಿಡಿದ. ಅಗೆಯಲು ಬಂದ ಸಾವಿರಾರು ಜನರಲ್ಲಿ ಮಾದಿಗರೇ ಹೆಚ್ಚು. ಅವರು ಉಂಡದ್ದು ಭಿಕ್ಷೆಯಲ್ಲ, ಗುದ್ದಲಿ ಹಿಡಿದ ಕೂಲಿ. ಬೋಧನೆ ನಿಲ್ಲಲಿಲ್ಲ, ನಿಜ. ಆದರೆ ಪರಿಹಾರದ ಕೆಲಸ ನಡೆಯುವಷ್ಟು ಕಾಲ ಕ್ಲಫ್ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನದಾಸೆಗೆ ಬಂದವರು ಕೆಲಸ ಮುಗಿದಾಗ ಚದುರಿಹೋಗಬೇಕಿತ್ತು. ಹೋಗಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಮಂದಿ ಮುಳುಗಿ ಎದ್ದರು.

ಇನ್ನೂ ಮುಖ್ಯವಾದದ್ದು, ಇದನ್ನು ಬಿತ್ತಿದವನು ಬಿಳಿಯನೊಬ್ಬನೇ ಅಲ್ಲ. ಚರ್ಮದ ವ್ಯಾಪಾರ ಮಾಡುತ್ತಿದ್ದ ಮಾದಿಗ ಯರ್ರಗುಂಟ್ಲ ಪೇರಯ್ಯ ಬರಕ್ಕೆ ಹತ್ತು ವರ್ಷ ಮೊದಲೇ, 1866ರಲ್ಲಿ, ಕ್ರೈಸ್ತನಾಗಿ ತನ್ನ ನಂಟರ ಕೇರಿಗಳಲ್ಲಿ ಮಾತು ಹಬ್ಬಿಸಿದ್ದ. ಸತ್ತ ದನ ತಿನ್ನೋದಿಲ್ಲ, ಭಾನುವಾರ ಬಿಟ್ಟಿ ಚಾಕರಿಗೆ ಬರೋದಿಲ್ಲ ಅಂದದ್ದಕ್ಕೆ ಈ ಜನ ಊರಿನ ಏಟು ತಿಂದರು. ಗಂಜಿಯ ಮಾತಾಡುವವರು ಈ ಏಟುಗಳನ್ನು ಯಾವ ಖಾತೆಗೆ ಬರೆಯುತ್ತಾರೆ?

ನನ್ನ ತಕರಾರು ‘ತೀರಿಸಲಾಗದವರು’ ಎಂಬ ಪದದ ಮೇಲೂ ಇದೆ. ಊರಿಗೆ ಚಪ್ಪಲಿ, ಮಿಣಿ, ಕಪಿಲೆಯ ಚರ್ಮ ಕೊಟ್ಟವರು, ತಮಟೆ ಬಡಿದವರು ಯಾರು? ಸಾಲ ಇರೋದು ಊರಿನ ಮೇಲೆ. ಚರ್ಚೂ ಇದರಿಂದ ಪಾರಾಗಿಲ್ಲ. ಕರೆದು ಒಳಗೆ ಕೂರಿಸಿಕೊಂಡ ಮೇಲೆ ಎಷ್ಟೋ ಕಡೆ ಬೇರೆ ಸಾಲು, ಬೇರೆ ಸ್ಮಶಾನ ಮಾಡಿತು. ಪ್ರಭುತ್ವವೂ ಅಷ್ಟೇ: 1950ರ ಪರಿಶಿಷ್ಟ ಜಾತಿ ಆದೇಶಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ದಲಿತ ಕ್ರೈಸ್ತರನ್ನು ಸೇರಿಸಲಿಲ್ಲ. ಔತಣದ ಕತೆಯನ್ನು ಇನ್ನು ಮುಂದೆ ಕರೆದವನ ಔದಾರ್ಯದ ಕತೆಯಾಗಿ ಓದುವುದು ಸಾಕು. ಪಂಕ್ತಿಯಲ್ಲಿ ಕೂತವರು ತಮ್ಮ ಬಾಕಿ ಕೇಳುವ ಕತೆಯಾಗಿ ಓದೋಣ.