ಆತಿಥೇಯ ದೇಶದ ಹೆಬ್ಬಾಗಿಲು: ಏಡ್ಸ್ ಸಮ್ಮೇಳನಗಳ ಚರಿತ್ರೆಯಲ್ಲಿ ಪ್ರವೇಶದ ಪ್ರಶ್ನೆ

ವೈದ್ಯಕೀಯ ಸಮ್ಮೇಳನಗಳ ಚರಿತ್ರೆಯನ್ನು ಅಲ್ಲಿ ಮಂಡನೆಯಾದ ಪ್ರಬಂಧಗಳು ಮತ್ತು ಮೊದಲು ಬೆಳಕಿಗೆ ಬಂದ ಔಷಧಗಳ ಆಧಾರದ ಮೇಲೆ ಬರೆಯುವುದು ವಾಡಿಕೆ. ಲೈಂಗಿಕವಾಗಿ ಹರಡುವ ಸೋಂಕುಗಳು ಮತ್ತು ಎಚ್‌ಐವಿಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನಗಳ ಮಟ್ಟಿಗೆ ಈ ಕ್ರಮ ಸಾಲದು. ಸಮ್ಮೇಳನದ ಆತಿಥ್ಯ ವಹಿಸುವ ದೇಶವು ಸಭಾಂಗಣ, ವಸತಿ ಮತ್ತು ಅನುದಾನವನ್ನು ಒದಗಿಸುವುದರೊಂದಿಗೆ ತನ್ನ ಗಡಿಯೊಳಗೆ ಯಾರು ಕಾಲಿಡಬಹುದು ಎಂಬುದನ್ನೂ ತೀರ್ಮಾನಿಸುತ್ತದೆ. ಹೃದ್ರೋಗದ ಸಮ್ಮೇಳನಕ್ಕೆ ಹೊರಟ ಹೃದ್ರೋಗಿಯನ್ನು ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯುವುದಿಲ್ಲ, ಆದರೆ ಏಡ್ಸ್ ಸಮ್ಮೇಳನಕ್ಕೆ ಹೊರಟ ಎಚ್‌ಐವಿ ಸೋಂಕಿತರನ್ನು ಅವರ ಸೋಂಕಿನ ಕಾರಣಕ್ಕಾಗಿಯೇ ತಡೆಯುವ ಕಾನೂನುಗಳು ದಶಕಗಳ ಕಾಲ ಜಾರಿಯಲ್ಲಿದ್ದವು. ಆದ್ದರಿಂದ ಈ ಸಮ್ಮೇಳನಗಳು ಯಾವ ಊರಿನಲ್ಲಿ ನಡೆದವು, ಯಾವ ಊರಿನಿಂದ ಎದ್ದು ಹೋದವು ಎಂಬುದು ವಿಜ್ಞಾನದ ಚರಿತ್ರೆಯಷ್ಟೇ ಮಹತ್ವದ ವಿಷಯವಾಗಿದೆ.

ಇಂಥ ಸಮ್ಮೇಳನಗಳ ಪರಂಪರೆ ಏಡ್ಸ್‌ಗಿಂತ ಬಹಳ ಹಳೆಯದು. 1899ರಲ್ಲಿ ಮತ್ತು ಪುನಃ 1902ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ, ಹಳಬರು ಪರಂಗಿ ಹುಣ್ಣು ಎಂದು ಕರೆಯುತ್ತಿದ್ದ ಸಿಫಿಲಿಸ್ ಹಾಗೂ ಇತರ ಲೈಂಗಿಕ ರೋಗಗಳ ತಡೆಯನ್ನು ಚರ್ಚಿಸಲು ಹಲವು ದೇಶಗಳ ವೈದ್ಯರೂ ಅಧಿಕಾರಿಗಳೂ ಸೇರಿದ್ದರು. ಸಿಫಿಲಿಸ್‌ಗೆ ಕಾರಣವಾದ ಸೂಕ್ಷ್ಮಜೀವಿಯನ್ನು ಬರ್ಲಿನ್‌ನಲ್ಲಿ ಗುರುತಿಸಿದ್ದು 1905ರಲ್ಲಿ. ಹಾಗಾಗಿ ಬ್ರಸೆಲ್ಸ್‌ನಲ್ಲಿ ಸೇರಿದವರ ಮುಂದೆ ರೋಗದ ಮೂಲವೂ ಇರಲಿಲ್ಲ, ನೆಚ್ಚಬಹುದಾದ ಮದ್ದೂ ಇರಲಿಲ್ಲ. ಅವರ ವಾಗ್ವಾದವೆಲ್ಲ ವೇಶ್ಯಾವೃತ್ತಿಯನ್ನು ಪೊಲೀಸರ ದಾಖಲಾತಿ ಮತ್ತು ಕಡ್ಡಾಯ ತಪಾಸಣೆಯ ಮೂಲಕ ಸರ್ಕಾರವೇ ನಿಯಂತ್ರಿಸಬೇಕೇ ಅಥವಾ ಆ ಪದ್ಧತಿಯನ್ನು ಕೈಬಿಡಬೇಕೇ ಎಂಬುದರ ಸುತ್ತ ನಡೆಯಿತು. ಈ ಪದ್ಧತಿ ಭಾರತಕ್ಕೂ ಅಪರಿಚಿತವಾಗಿರಲಿಲ್ಲ. 1864ರ ಕಂಟೋನ್ಮೆಂಟ್ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿಯಲ್ಲಿ, ಬ್ರಿಟಿಷ್ ಸೈನಿಕರ ಆರೋಗ್ಯ ಕಾಪಾಡುವ ಹೆಸರಿನಲ್ಲಿ, ದಂಡಿನ ಊರುಗಳ ಮಹಿಳೆಯರನ್ನು ದಾಖಲಾತಿಗೆ ಒಳಪಡಿಸಿ, ರೋಗದ ಲಕ್ಷಣ ಕಂಡವರನ್ನು ಲಾಕ್ ಆಸ್ಪತ್ರೆ ಎಂಬ ಬಂಧನದ ಚಿಕಿತ್ಸಾಲಯಗಳಲ್ಲಿ ಇರಿಸಲಾಗುತ್ತಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅಂಥ ಆಸ್ಪತ್ರೆಯೊಂದಿತ್ತು. ಸೈನಿಕನಿಗೆ ಇಲ್ಲದ ದಾಖಲಾತಿ ಮಹಿಳೆಗೆ ಮಾತ್ರ ಯಾಕೆ ಎಂಬ ಪ್ರಶ್ನೆಯನ್ನು ಬ್ರಿಟನ್ನಿನಲ್ಲಿ ಜೋಸೆಫೀನ್ ಬಟ್ಲರ್ ಮೊದಲಾದವರು ಎತ್ತಿ ಹೋರಾಡಿದ ಮೇಲೆ 1888ರಲ್ಲಿ ಭಾರತದ ಕಾಯ್ದೆ ರದ್ದಾಯಿತು. ಬ್ರಸೆಲ್ಸ್‌ನ ಸಭೆಗಳಲ್ಲಿ ಈ ಪ್ರಶ್ನೆಗೆ ಜಾಗವಿತ್ತು. ಆದರೆ ತಪಾಸಣೆಯ ಮೇಜಿನ ಮೇಲೆ ಮಲಗಬೇಕಾಗಿದ್ದ ಮಹಿಳೆಯರಿಗೆ ಅಲ್ಲಿ ಆಸನವಿರಲಿಲ್ಲ, ಅವರ ಅಭಿಪ್ರಾಯ ಕೇಳಬೇಕೆಂಬ ಯೋಚನೆಯೂ ಆ ಕಾಲದ ವೈದ್ಯಲೋಕಕ್ಕೆ ಬಂದಿರಲಿಲ್ಲ. ಇದೇ ನಗರದಲ್ಲಿ 1924ರ ಡಿಸೆಂಬರ್ 1ರಂದು ಸಹಿಯಾದ ಒಪ್ಪಂದವೊಂದು, ಬಂದರಿಗೆ ಬಂದ ಯಾವುದೇ ದೇಶದ ಹಡಗಿನ ನಾವಿಕರಿಗೆ ಲೈಂಗಿಕ ರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ನೀಡಲು ಸರ್ಕಾರಗಳನ್ನು ಬದ್ಧಗೊಳಿಸಿತು. ಗಡಿ ದಾಟಿ ಬರುವ ರೋಗಿಯನ್ನು ಹಿಂದಕ್ಕೆ ಅಟ್ಟುವ ಬದಲು ಚಿಕಿತ್ಸೆ ಕೊಡುವುದೇ ಆತಿಥೇಯ ದೇಶಕ್ಕೂ ಕ್ಷೇಮವೆಂಬ ಈ ವಿವೇಕವು ಅರವತ್ತು ವರ್ಷಗಳ ನಂತರ ಬಹುಪಾಲು ಮರೆತುಹೋಗಿದ್ದುದು ಖೇದದ ಸಂಗತಿ.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾದ ವರದಿಯನ್ನು ಪ್ರಕಟಿಸಿತು. ದೇಹದ ರೋಗನಿರೋಧಕ ಶಕ್ತಿ ಕುಸಿಯುವ ಈ ಸ್ಥಿತಿಗೆ ಮುಂದೆ ಏಡ್ಸ್ ಎಂದೂ ಅದನ್ನು ಉಂಟುಮಾಡುವ ವೈರಸ್‌ಗೆ ಎಚ್‌ಐವಿ ಎಂದೂ ಹೆಸರಾಯಿತು. 1983ರಲ್ಲಿ ಡೆನ್ವರ್ ನಗರದಲ್ಲಿ ಸೇರಿದ ಕೆಲವು ರೋಗಿಗಳು, ತಮ್ಮನ್ನು ಬಲಿಪಶುಗಳೆಂದು ಕರೆಯಬಾರದು, ತಮ್ಮ ಬದುಕಿನ ಬಗ್ಗೆ ನಿರ್ಣಯ ಕೈಗೊಳ್ಳುವ ಪ್ರತಿಯೊಂದು ವೇದಿಕೆಯಲ್ಲೂ ತಮಗೆ ಪಾಲಿರಬೇಕು ಎಂದು ಘೋಷಿಸಿದರು. ಡೆನ್ವರ್ ತತ್ವಗಳೆಂದು ಹೆಸರಾದ ಈ ಘೋಷಣೆಯೇ ಮುಂದಿನ ಎಲ್ಲ ಸಮ್ಮೇಳನಗಳ ಮೇಲೆ ಹೊರಗಿನಿಂದ ಒತ್ತಡ ತಂದ ಆಧಾರಗ್ರಂಥ. 1985ರ ಏಪ್ರಿಲ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನಕ್ಕೆ ಸುಮಾರು 2,000 ಜನ ಬಂದಿದ್ದರು. ರಕ್ತದಲ್ಲಿ ವೈರಸ್ ವಿರುದ್ಧ ಹುಟ್ಟುವ ಪ್ರತಿಕಾಯಗಳನ್ನು ಪತ್ತೆಹಚ್ಚುವ ಪರೀಕ್ಷೆಗೆ ಅದರ ಹಿಂದಿನ ತಿಂಗಳಷ್ಟೇ ಪರವಾನಗಿ ದೊರೆತಿತ್ತು. ಪರೀಕ್ಷೆ ಬಂದ ಮೇಲೆ ಸೋಂಕಿತರನ್ನು ಗುರುತಿಸುವುದು ಸಾಧ್ಯವಾಯಿತು, ಗುರುತಿಸುವುದು ಸಾಧ್ಯವಾದ ಕೂಡಲೇ ಬೇರ್ಪಡಿಸುವ ಆಸೆಯೂ ಸರ್ಕಾರಗಳಲ್ಲಿ ಬೆಳೆಯಿತು.

1987ರಲ್ಲಿ, ಮೂರನೆಯ ಸಮ್ಮೇಳನವು ವಾಷಿಂಗ್ಟನ್‌ನಲ್ಲಿ ನಡೆದ ವರ್ಷದಲ್ಲಿಯೇ, ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅವರ ತಿದ್ದುಪಡಿಯ ಬಲದಿಂದ ಎಚ್‌ಐವಿ ಸೋಂಕು ಅಮೆರಿಕ ಪ್ರವೇಶವನ್ನು ನಿರಾಕರಿಸಬಹುದಾದ ರೋಗಗಳ ಪಟ್ಟಿಗೆ ಸೇರಿತು. ಈ ನಿಯಮ ಕಾಗದದ ಮೇಲಿನದಲ್ಲ ಎಂಬುದು 1989ರ ಏಪ್ರಿಲ್‌ನಲ್ಲಿ ಸ್ಪಷ್ಟವಾಯಿತು: ಸಭೆಯೊಂದಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ನೆದರ್ಲೆಂಡ್ಸ್‌ನ ಏಡ್ಸ್ ಶಿಕ್ಷಣ ಕಾರ್ಯಕರ್ತರೊಬ್ಬರ ಸಾಮಾನಿನಲ್ಲಿ ಎಚ್‌ಐವಿ ಚಿಕಿತ್ಸೆಗೆ ಬಳಸುವ ಎಝಡ್‌ಟಿ ಎಂಬ ಔಷಧ ಸಿಕ್ಕಿತೆಂಬ ಕಾರಣಕ್ಕೆ ಅವರನ್ನು ಮಿನ್ನೆಸೋಟದಲ್ಲಿ ತಡೆದು ಕೆಲವು ದಿನ ಜೈಲಿನಲ್ಲಿ ಇರಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಕೆನಡಾದ ಮಾಂಟ್ರಿಯಲ್ ಸಮ್ಮೇಳನದ ಉದ್ಘಾಟನೆಯ ಹೊತ್ತಿಗೆ ಕೆನಡಾ ಮತ್ತು ಅಮೆರಿಕದ ಹೋರಾಟಗಾರರು ವೇದಿಕೆಯನ್ನೇರಿ, ಪ್ರಧಾನಿ ಬ್ರಯಾನ್ ಮಲ್ರೋನಿ ಮಾತನಾಡುವ ಮೊದಲೇ, ಏಡ್ಸ್‌ನೊಂದಿಗೆ ಬದುಕುತ್ತಿರುವವರ ಪರವಾಗಿ ತಾವೇ ಸಮ್ಮೇಳನವನ್ನು ಉದ್ಘಾಟಿಸಿರುವುದಾಗಿ ಸಾರಿದರು. ಈ ಘಟನೆಯನ್ನು ಶಿಸ್ತಿನ ಭಂಗವೆಂದು ಪರಿಗಣಿಸಿ ಹಲವು ವಿಜ್ಞಾನಿಗಳು ಆಗ ಬೇಸರಪಟ್ಟರು. ಹಿಂತಿರುಗಿ ನೋಡಿದರೆ, ವಿಜ್ಞಾನಸಭೆಯಾಗಿ ಹುಟ್ಟಿದ ಈ ಸಮ್ಮೇಳನ ರೋಗಿಗಳ ಸಭೆಯೂ ಆದ ಗಳಿಗೆ ಅದೇ ಎಂದು ಹೇಳಬೇಕಾಗುತ್ತದೆ.

1990ರ ಜೂನ್‌ನಲ್ಲಿ ಆರನೆಯ ಸಮ್ಮೇಳನದ ಆತಿಥ್ಯ ವಹಿಸಿದ ಸ್ಯಾನ್ ಫ್ರಾನ್ಸಿಸ್ಕೊ, ಏಡ್ಸ್‌ನಿಂದ ಅತಿ ಹೆಚ್ಚು ನೊಂದ ಮತ್ತು ರೋಗಿಗಳ ಆರೈಕೆಯಲ್ಲಿ ಅತ್ಯಂತ ಮಾನವೀಯ ಮಾದರಿಯನ್ನು ಕಟ್ಟಿಕೊಂಡ ನಗರವಾಗಿತ್ತು. ಆದರೂ ನಗರದ ಸದ್ಭಾವನೆಗೆ ದೇಶದ ವಲಸೆ ಕಾನೂನನ್ನು ಮೀರುವ ಶಕ್ತಿಯಿರಲಿಲ್ಲ. ಸೋಂಕಿನ ವಿಷಯವನ್ನು ತಿಳಿಸಬೇಕಾಗಿಲ್ಲದ ಹತ್ತು ದಿನಗಳ ವಿಶೇಷ ವೀಸಾವನ್ನು ಅಮೆರಿಕ ಸರ್ಕಾರ ಕೊನೆಗೆ ಒದಗಿಸಿತಾದರೂ, ಆ ವೀಸಾ ಕೇಳುವುದೇ ಸೋಂಕನ್ನು ಒಪ್ಪಿಕೊಂಡಂತೆ ಎಂದು ಭಾವಿಸಿದ ಅನೇಕ ಸಂಘಟನೆಗಳು ಸಮ್ಮೇಳನವನ್ನು ಬಹಿಷ್ಕರಿಸಿದವು. ಸಮಾರೋಪದಲ್ಲಿ ಅಮೆರಿಕದ ಆರೋಗ್ಯ ಸಚಿವ ಲೂಯಿಸ್ ಸಲಿವನ್ ಅವರ ಭಾಷಣ ಪ್ರತಿಭಟನೆಯ ಸದ್ದಿನಲ್ಲಿ ಒಂದಕ್ಷರವೂ ಕೇಳಿಸದಂತಾಯಿತು. ಎರಡು ವರ್ಷಗಳ ನಂತರದ ಸಮ್ಮೇಳನ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಣೆಯಲ್ಲಿ ಬಾಸ್ಟನ್‌ನಲ್ಲಿ ನಡೆಯಬೇಕಾಗಿತ್ತು. ಪ್ರವೇಶ ನಿರ್ಬಂಧ ಸಡಿಲವಾಗುವ ಸೂಚನೆ ಕಾಣದಿದ್ದಾಗ 1991ರಲ್ಲಿ ಸಂಘಟಕರು ಬಾಸ್ಟನ್ನನ್ನು ಕೈಬಿಟ್ಟರು. 1992ರ ಜುಲೈನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಕಾರ್ಯಕ್ರಮವನ್ನು ಕಟ್ಟಿದ ಜೊನಾಥನ್ ಮಾನ್ ಅವರ ಅಧ್ಯಕ್ಷತೆಯಲ್ಲಿ, ಸಮ್ಮೇಳನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜರುಗಿತು. ಸಾವಿರಾರು ಜನರ ಸಭೆಯನ್ನು ಒಂದು ವರ್ಷದೊಳಗೆ ಸಾಗರದಾಚೆಗೆ ಸಾಗಿಸುವುದೆಂದರೆ ಹಣ ಮತ್ತು ಶ್ರಮದ ದೊಡ್ಡ ನಷ್ಟವೇ ಸರಿ. ಆ ನಷ್ಟವನ್ನು ಹೊತ್ತುಕೊಂಡವರು ವಿಜ್ಞಾನಿಗಳೇ ಎಂಬುದು, ಮೂರು ವರ್ಷದ ಹಿಂದೆ ಮಾಂಟ್ರಿಯಲ್‌ನಲ್ಲಿ ಗೊಣಗಿದ್ದವರ ನಡುವೆ ಎಂಥ ಬದಲಾವಣೆಯಾಗಿತ್ತು ಎಂಬುದಕ್ಕೆ ಸಾಕ್ಷಿ. ನಿರ್ಬಂಧವಿರುವ ದೇಶದಲ್ಲಿ ಸಮ್ಮೇಳನ ನಡೆಸುವುದಿಲ್ಲವೆಂಬ ನಿಲುವನ್ನು 1988ರಲ್ಲಿ ಸ್ಥಾಪನೆಯಾಗಿದ್ದ ಅಂತರರಾಷ್ಟ್ರೀಯ ಏಡ್ಸ್ ಸೊಸೈಟಿ ಮುಂದೆ ಇಪ್ಪತ್ತು ವರ್ಷ ಪಾಲಿಸಿತು.

ಇದೇ ಅವಧಿಯ ಭಾರತವನ್ನು ಅಮೆರಿಕಕ್ಕೆ ವಿರುದ್ಧವಾದ ಚಿತ್ರವಾಗಿ ತೋರಿಸುವುದು ಸರಿಯಾಗದು. 1986ರಲ್ಲಿ ಚೆನ್ನೈನಲ್ಲಿ ಸುನೀತಿ ಸಾಲೊಮನ್ ಅವರ ತಂಡವು ದೇಶದ ಮೊದಲ ಸೋಂಕುಗಳನ್ನು ಪತ್ತೆಹಚ್ಚಿದ ಮೇಲೆ, ವಿದೇಶಿ ವಿದ್ಯಾರ್ಥಿಗಳನ್ನು ಕಡ್ಡಾಯ ಪರೀಕ್ಷೆಗೆ ಒಳಪಡಿಸಲಾಯಿತು. ಕರ್ನಾಟಕದ ನೆರೆಯ ಗೋವಾದಲ್ಲಿ, ಸೋಂಕಿತರನ್ನು ಬಂಧಿಸಿಡಲು ಅವಕಾಶ ಕೊಡುವ ಕಾನೂನಿನಡಿ 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಹಳೆಯ ಕ್ಷಯರೋಗ ಚಿಕಿತ್ಸಾಲಯದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಒಂಟಿಯಾಗಿ ಕೂಡಿಹಾಕಲಾಯಿತು. ಅವರು ತೀರಿಕೊಂಡ 1992ನೇ ವರ್ಷದ ನವೆಂಬರ್‌ನಲ್ಲಿಯೇ ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ಎರಡನೆಯ ಏಡ್ಸ್ ಸಮ್ಮೇಳನಕ್ಕೆ ನವದೆಹಲಿ ಆತಿಥ್ಯ ನೀಡಿತು. ಜಾಗತಿಕ ಸಮ್ಮೇಳನ ಮೊದಲ ಬಾರಿ ಏಷ್ಯಾಕ್ಕೆ ಬಂದದ್ದು 1994ರಲ್ಲಿ, ಜಪಾನಿನ ಯೊಕೊಹಾಮಾಕ್ಕೆ. ಅಲ್ಲಿಂದ ಮುಂದೆ ಅದು ಎರಡು ವರ್ಷಕ್ಕೊಮ್ಮೆ ನಡೆಯತೊಡಗಿತು.

1996ರಲ್ಲಿ ವ್ಯಾಂಕೂವರ್‌ನಲ್ಲಿ, ಮೂರು ಔಷಧಗಳನ್ನು ಒಟ್ಟಿಗೆ ನೀಡಿದರೆ ರಕ್ತದಲ್ಲಿನ ವೈರಸ್ ಪತ್ತೆಗೂ ಸಿಗದಷ್ಟು ಕುಗ್ಗುತ್ತದೆ ಎಂಬ ಫಲಿತಾಂಶಗಳು ಪ್ರಕಟವಾದವು. ಸಾವು ಖಚಿತವೆಂದು ತಿಳಿದಿದ್ದ ಸೋಂಕು, ವರ್ಷಕ್ಕೆ 10,000 ಡಾಲರ್ ಅಥವಾ ಅದಕ್ಕೂ ಹೆಚ್ಚು ತೆರಬಲ್ಲವರಿಗೆ ದೀರ್ಘಕಾಲದ ಕಾಯಿಲೆಯಾಗಿ ಮಾರ್ಪಟ್ಟಿತು. ತೆರಲಾರದವರಲ್ಲಿ ಬಹುಪಾಲು ಜನ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿದ್ದರು. 2000ದ ಜುಲೈನಲ್ಲಿ ಹದಿಮೂರನೆಯ ಸಮ್ಮೇಳನವು ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೋದಾಗ, ರೋಗದ ಕೇಂದ್ರವೂ ಸಮ್ಮೇಳನದ ಸ್ಥಳವೂ ಮೊದಲ ಬಾರಿಗೆ ಒಂದಾದವು. ಆತಿಥೇಯ ಸಮಿತಿಯ ಅಧ್ಯಕ್ಷರಾಗಿದ್ದ ಮಕ್ಕಳ ತಜ್ಞ ಹೂಸೆನ್ ಕೊವಾಡಿಯಾ ಮತ್ತು ವೈಜ್ಞಾನಿಕ ಕಾರ್ಯಕ್ರಮದ ಹೊಣೆ ಹೊತ್ತ ಸಲೀಂ ಅಬ್ದುಲ್ ಕರೀಂ, ಇಬ್ಬರೂ ಡರ್ಬನ್‌ನ ಭಾರತೀಯ ಮೂಲದ ಸಮುದಾಯದವರು. ಇಲ್ಲಿ ಪ್ರವೇಶಕ್ಕೆ ಅಡ್ಡಿಯಿರಲಿಲ್ಲ. ಅಡ್ಡಿ ಎದುರಾದದ್ದು ಆತಿಥೇಯ ರಾಷ್ಟ್ರದ ಅಧ್ಯಕ್ಷರಿಂದಲೇ. ಎಚ್‌ಐವಿಯೇ ಏಡ್ಸ್‌ಗೆ ಕಾರಣವೆಂಬುದನ್ನು ಶಂಕಿಸುವವರ ಮಾತಿಗೆ ಥಾಬೊ ಎಂಬೆಕಿ ಕಿವಿಗೊಟ್ಟಿದ್ದರಿಂದ ಕೆಲವರು ಬಹಿಷ್ಕಾರದ ಮಾತನ್ನೂ ಆಡಿದ್ದರು. ಅದಕ್ಕೆ ಬದಲಾಗಿ 5,000ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ವೈದ್ಯರು ಕಾರಣದ ಬಗ್ಗೆ ಸಂದೇಹವಿಲ್ಲವೆಂಬ ಡರ್ಬನ್ ಘೋಷಣೆಗೆ ಸಹಿ ಹಾಕಿದರು, ನೇಚರ್ ಪತ್ರಿಕೆ ಅದನ್ನು ಸಮ್ಮೇಳನದ ಮುನ್ನಾದಿನಗಳಲ್ಲಿ ಪ್ರಕಟಿಸಿತು. ಕಿಂಗ್ಸ್‌ಮೀಡ್ ಕ್ರಿಕೆಟ್ ಕ್ರೀಡಾಂಗಣದ ಉದ್ಘಾಟನೆಯಲ್ಲಿ ಅಧ್ಯಕ್ಷರು ಬಡತನವನ್ನೇ ಮುಖ್ಯ ಕಾರಣವಾಗಿ ನಿರೂಪಿಸಿದರೆ, ಹುಟ್ಟಿನಿಂದಲೇ ಸೋಂಕಿತನಾಗಿದ್ದ 11 ವರ್ಷದ ಎನ್‌ಕೊಸಿ ಜಾನ್ಸನ್, ಗರ್ಭಿಣಿಯರಿಗೆ ಔಷಧ ಕೊಟ್ಟು ಶಿಶುಗಳನ್ನು ಉಳಿಸಬೇಕೆಂದು ಅದೇ ವೇದಿಕೆಯಿಂದ ಬೇಡಿಕೊಂಡನು. ತಾವೇ ಸೋಂಕಿತರಾಗಿದ್ದ ನ್ಯಾಯಾಧೀಶ ಎಡ್ವಿನ್ ಕ್ಯಾಮರಾನ್, ತಾವು ಬದುಕಿರುವುದು ಔಷಧಕ್ಕೆ ಹಣ ತೆರುವ ಸ್ಥಿತಿಯಲ್ಲಿರುವುದರಿಂದ ಮಾತ್ರ ಎಂಬುದನ್ನು ಸಭೆಯ ಮುಂದಿಟ್ಟರು. ಏಳು ತಿಂಗಳ ನಂತರ, 2001ರ ಫೆಬ್ರುವರಿಯಲ್ಲಿ, ಮುಂಬೈನ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ನೀಡುವುದಾಗಿ ಪ್ರಕಟಿಸಿತು. ಬೆಲೆ ಇಳಿದದ್ದಕ್ಕೆ ಸಮ್ಮೇಳನವೊಂದೇ ಕಾರಣವಲ್ಲ. ಆದರೆ ಜಿನೀವಾದಲ್ಲಿಯೋ ಬರ್ಲಿನ್‌ನಲ್ಲಿಯೋ ಸೇರಿದ್ದರೆ ಅಂಕಿಅಂಶವಾಗಿ ಉಳಿಯುತ್ತಿದ್ದ ಸಾವುಗಳು, ಡರ್ಬನ್‌ನ ಆಸ್ಪತ್ರೆಗಳ ಸಮೀಪದಲ್ಲಿ ಅಲಕ್ಷಿಸಲಾಗದ ಸತ್ಯವಾದವು.

ಅಮೆರಿಕದ ನಿರ್ಬಂಧವು 2010ರ ಜನವರಿ 4ರಂದು ತೆರವಾಯಿತು, 2012ರ ಜುಲೈನಲ್ಲಿ ಸಮ್ಮೇಳನ 22 ವರ್ಷಗಳ ನಂತರ ಅಮೆರಿಕಕ್ಕೆ, ವಾಷಿಂಗ್ಟನ್‌ಗೆ, ಮರಳಿತು. ಸೋಂಕಿತರಿಗೆ ತೆರೆದ ಬಾಗಿಲು ಲೈಂಗಿಕ ಕಾರ್ಯಕರ್ತೆಯರಿಗೆ ಮತ್ತು ಮಾದಕ ವಸ್ತು ಬಳಸುವವರಿಗೆ ಆಗಲೂ ಮುಚ್ಚಿಯೇ ಇತ್ತು, ಏಕೆಂದರೆ ಅವರನ್ನು ತಡೆಯುವ ವಲಸೆ ನಿಯಮಗಳು ಬೇರೆಯೇ ಆಗಿದ್ದವು. ಇದಕ್ಕೆ ಉತ್ತರವಾಗಿ ಅದೇ ವಾರ ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಯಕರ್ತರ ಸ್ವಾತಂತ್ರ್ಯೋತ್ಸವ ಎಂಬ ಪರ್ಯಾಯ ಸಮ್ಮೇಳನ ನಡೆದು, ನಲವತ್ತರಷ್ಟು ದೇಶಗಳ ಪ್ರತಿನಿಧಿಗಳು ಸೇರಿದರು. ಆತಿಥ್ಯ ವಹಿಸಿದವರಲ್ಲಿ ಪ್ರಮುಖವಾಗಿದ್ದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯು, ಆ ನಗರದ ಲೈಂಗಿಕ ವೃತ್ತಿಯ ಪ್ರದೇಶವಾದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಆರಂಭಿಸಿದ ಕಾರ್ಯಕ್ರಮದಿಂದ ಬೆಳೆದು 1995ರಲ್ಲಿ ರೂಪುಗೊಂಡ ಸಂಘಟನೆ. ವೃತ್ತಿಯಲ್ಲಿರುವವರೇ ಕಾಂಡೋಮ್ ಬಳಕೆಯನ್ನೂ ಚಿಕಿತ್ಸೆಯನ್ನೂ ತಮ್ಮ ಓಣಿಗಳಲ್ಲಿ ಮುನ್ನಡೆಸಬಲ್ಲರು ಎಂಬ ಅಲ್ಲಿನ ಅನುಭವ ಕರ್ನಾಟಕದಲ್ಲಿಯೂ ಬೇರುಬಿಟ್ಟಿತು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರು ಕಟ್ಟಿಕೊಂಡ ಆಶೋದಯ ಸಮಿತಿಯು ಇತರ ದೇಶಗಳ ಸಂಘಟನೆಗಳಿಗೂ ತರಬೇತಿ ನೀಡುವ ಮಟ್ಟಕ್ಕೆ ಬೆಳೆಯಿತು. ಲಾಕ್ ಆಸ್ಪತ್ರೆಯ ಕಾಲದಲ್ಲಿ ದಾಖಲಾತಿಯ ಪುಸ್ತಕದ ಒಂದು ಸಾಲಾಗಿದ್ದವರ ವೃತ್ತಿಯವರು ಇಲ್ಲಿ ಅಂತರರಾಷ್ಟ್ರೀಯ ಸಭೆಗೆ ತಾವೇ ಆತಿಥೇಯರಾದುದು, ಈ ಚರಿತ್ರೆಯ ಅತ್ಯಂತ ದೊಡ್ಡ ತಿರುವೆಂದು ಪರಿಗಣಿಸಲು ಯೋಗ್ಯವಾಗಿದೆ.

ಪ್ರವೇಶದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2022ರಲ್ಲಿ ಸಮ್ಮೇಳನ ಪುನಃ ಮಾಂಟ್ರಿಯಲ್‌ಗೆ ಬಂದಾಗ ಸೋಂಕಿತರನ್ನು ಹೆಸರಿಸಿ ತಡೆಯುವ ಯಾವ ಕಾನೂನೂ ಅಡ್ಡವಾಗಲಿಲ್ಲ. ಆದರೂ ಆಫ್ರಿಕಾ ಮತ್ತು ಏಷ್ಯಾದ ಅನೇಕ ಪ್ರತಿನಿಧಿಗಳ ವೀಸಾ ಅರ್ಜಿಗಳು ತಿರಸ್ಕೃತವಾದವು ಅಥವಾ ಸಮ್ಮೇಳನ ಆರಂಭವಾದರೂ ಇತ್ಯರ್ಥವಾಗದೆ ಉಳಿದವು. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಮುಖ್ಯಸ್ಥೆ, ಉಗಾಂಡಾದ ವಿನ್ನಿ ಬ್ಯಾನ್ಯಿಮಾ ಅವರನ್ನೇ ಜಿನೀವಾ ವಿಮಾನ ನಿಲ್ದಾಣದಲ್ಲಿ ವಿಮಾನ ಹತ್ತಿಸಲು ಹಿಂದೇಟು ಹಾಕಲಾಯಿತು, ಉದ್ಘಾಟನೆಯ ವೇದಿಕೆಯನ್ನು 1989ರಂತೆಯೇ ಪ್ರತಿಭಟನಕಾರರು ಏರಿದರು. 1987ರ ಅಮೆರಿಕದ ನಿಯಮ ತನ್ನ ಕಾರಣವನ್ನು ಬಹಿರಂಗವಾಗಿ ಹೇಳುತ್ತಿದ್ದುದರಿಂದ ಅದರ ವಿರುದ್ಧ ಹೋರಾಡಲು ಗುರಿಯೊಂದಿತ್ತು. ಅರ್ಜಿದಾರರು ತಾಯ್ನಾಡಿಗೆ ಮರಳುತ್ತಾರೆಂಬ ನಂಬಿಕೆಯಿಲ್ಲ ಎಂಬ ಸಿದ್ಧ ಕಾರಣ ಕೊಟ್ಟು ಕಳಿಸುವ ತಿರಸ್ಕಾರ ಪತ್ರಕ್ಕೆ ಅಂಥ ಗುರಿಯಿಲ್ಲ, ಆದ್ದರಿಂದಲೇ ಅದು ಹೆಚ್ಚು ಕಠಿಣವಾದ ಅಡ್ಡಿ. ಅಂತರರಾಷ್ಟ್ರೀಯ ಏಡ್ಸ್ ಸೊಸೈಟಿಯೇ ನಡೆಸುವ ಎಚ್‌ಐವಿ ವಿಜ್ಞಾನ ಸಮ್ಮೇಳನಕ್ಕೆ 2025ರ ಜುಲೈನಲ್ಲಿ ಆತಿಥ್ಯ ನೀಡಿದ್ದು, ಎಲ್ಲ ದೇಶಗಳ ಪ್ರಜೆಗಳಿಗೂ ಬಂದಿಳಿದ ಮೇಲೆ ವೀಸಾ ಕೊಡುವ ರುವಾಂಡಾದ ಕಿಗಾಲಿ ನಗರ.