ಕಿಟ್ಟೆಲ್: ಒಂದು ಹೆಸರು, ಮೂರು ಬಾಳು



‘ಕಿಟ್ಟೆಲ್’ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ನಿಘಂಟು. ಸಾವಿರಾರು ಪದಗಳಿಗೆ ಅರ್ಥ ತಿಳಿಸಿದ ಆ ಮಹನೀಯರ ಹೆಸರಿಗೇ ಅರ್ಥವೇನೆಂದು ನಾವು ಕೇಳಿದ್ದು ಅಪರೂಪ. ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ದುಡಿಮೆಯ ವೇಳೆ ತೊಡುವ ಸಡಿಲವಾದ ಮೇಲಂಗಿ. ಅದನ್ನು ಹೊಲಿಯುತ್ತಿದ್ದವರಿಗೋ ತೊಡುತ್ತಿದ್ದವರಿಗೋ ಅದೇ ಮನೆತನದ ಹೆಸರಾಗಿ ನಿಂತಿತು. ಪ್ರಯೋಗಾಲಯದ ಬಿಳಿಯ ಕೋಟು ಇಂದಿಗೂ ಜರ್ಮನ್ನರಿಗೆ ಕಿಟ್ಟೆಲ್ ಆಗಿದೆ.

ನಮ್ಮ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ (1832–1903) ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದವರು. ಮತಪ್ರಚಾರಕ್ಕೆಂದು ಕಲಿತ ಕನ್ನಡವೇ ಅವರ ಬಾಳಿನ ದುಡಿಮೆಯಾಯಿತು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಧಾರವಾಡದ ಕಾಲೇಜು, ಬೆಂಗಳೂರಿನ ಪ್ರತಿಮೆ ಅವರ ನೆನಪನ್ನು ಉಳಿಸಿವೆ.

ಎರಡನೆಯ ಕಿಟ್ಟೆಲ್ ನಮ್ಮ ನೆರೆಯವರೇ. ನ್ಯೂಯಾರ್ಕಿನಲ್ಲಿ ಜನಿಸಿದ ಭೌತವಿಜ್ಞಾನಿ ಚಾರ್ಲ್ಸ್ ಕಿಟ್ಟೆಲ್ (1916–2019) 1951ರಿಂದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದರು. ಘನಸ್ಥಿತಿ ಭೌತಶಾಸ್ತ್ರವನ್ನು ಕುರಿತು ಅವರು 1953ರಲ್ಲಿ ಹೊರತಂದ ಪಠ್ಯ ಎಂಟು ಆವೃತ್ತಿಗಳನ್ನು ಕಂಡಿತು. ಸಿಲಿಕಾನಿನ ಗುಟ್ಟನ್ನು ಅರಿಯಲು ಕರ್ನಾಟಕದ ಕಾಲೇಜುಗಳಲ್ಲಿ ಅದನ್ನು ಓದಿ, ಬಳಿಕ ಈ ಕಣಿವೆಗೆ ಬಂದವರು ನಮ್ಮಲ್ಲೂ ಇದ್ದಾರೆ.

ಮೂರನೆಯವರನ್ನು ಮರೆಮಾಚುವುದು ಸರಿಯಲ್ಲ. ಗೆರ್ಹಾರ್ಡ್ ಕಿಟ್ಟೆಲ್ (1888–1948) ಕೂಡ ನಿಘಂಟುಕಾರರೇ. ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಮಹಾಕೋಶದ ಸಂಪಾದಕರು. ನಮ್ಮ ಕಿಟ್ಟೆಲ್ ಕಣ್ಮುಚ್ಚಿದ ಟ್ಯೂಬಿಂಗನ್ ನಗರದಲ್ಲಿಯೇ ಅವರು ಪ್ರಾಧ್ಯಾಪಕರಾಗಿದ್ದರು. 1933ರಲ್ಲಿ ನಾಜಿ ಪಕ್ಷವನ್ನು ಸೇರಿ, ಯಹೂದಿಗಳ ವಿರುದ್ಧ ಲೇಖನಿ ಹಿಡಿದರು. ಆದರೆ ಯೂರೋಪಿನ ಯಹೂದಿ ಸಂಪ್ರದಾಯದಲ್ಲಿ ಪ್ರಾಯಶ್ಚಿತ್ತದ ಪವಿತ್ರ ದಿನದಂದು ತೊಡುವ ಬಿಳಿಯ ನಿಲುವಂಗಿಗೂ ಕಿಟ್ಟೆಲ್ ಎಂದೇ ಹೆಸರು. ಅನೇಕರನ್ನು ಅದರಲ್ಲಿಯೇ ಮಣ್ಣುಮಾಡುತ್ತಾರೆ. ವಿದ್ವತ್ತು ಎಷ್ಟಿದ್ದರೂ ವಿವೇಕ ತಾನಾಗಿ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕೆ?

ಈ ಮೂವರನ್ನು ಇಲ್ಲಿ ಒಟ್ಟುಗೂಡಿಸಿರುವುದು ಹೆಸರೊಂದೇ. ಹೆಸರು ಹಿರಿಯರು ತೊಡಿಸಿದ ಅಂಗಿ. ಅದಕ್ಕೆ ಬಣ್ಣ ಬರುವುದು ತೊಟ್ಟವರ ದುಡಿಮೆಯಿಂದ. ಪರದೇಶದಲ್ಲಿ ನಮ್ಮ ಮಕ್ಕಳ ಹೆಸರುಗಳ ಉಚ್ಚಾರಣೆ ತಪ್ಪಿದಾಗ ನಾವು ನೊಂದುಕೊಳ್ಳುತ್ತೇವೆ. ‘ಕಿಟ್ಟೆಲ್’ ಎಂಬ ಪರಕೀಯ ಹೆಸರು ಕನ್ನಡಿಗರ ನಾಲಗೆಯಲ್ಲಿ ಮನೆಮಾತಾದದ್ದು ಹೇಗೆಂಬುದನ್ನು ಆಗ ಅವರಿಗೆ ಹೇಳೋಣ.